ಮನೆಯ ಎಚ್‌ಡಿವಿ ಕ್ಯಾಸೆಟ್‌ಗಳಿಗೆ ನಂಬಬಹುದಾದ ಯಂತ್ರವನ್ನು ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಣ್ಣ ಕ್ಯಾಸೆಟ್‌ನಲ್ಲಿ ಹೈ ಡೆಫಿನಿಷನ್ ಚಿತ್ರವನ್ನು ದಾಖಲಿಸುತ್ತಿದ್ದ ಎಚ್‌ಡಿವಿ ಯಂತ್ರಗಳು ಈಗ ಹೊಸದಾಗಿ ತಯಾರಾಗುತ್ತಿಲ್ಲ. ಆದರೆ 2005ರ ನಂತರದ ಕೆಲವು ವರ್ಷಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳನ್ನು ಎಚ್‌ಡಿವಿಯಲ್ಲಿ ಚಿತ್ರಿಸಿಕೊಂಡ ಮನೆಗಳ ಕಪಾಟುಗಳಲ್ಲಿ ಆ ಕ್ಯಾಸೆಟ್‌ಗಳು ಇನ್ನೂ ಇವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲೆಂದು ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರಲ್ಲಿ ಹೆಚ್ಚಿನವರು ಒಂದೇ ಬಗೆಯಲ್ಲಿ ಎಡವುತ್ತಾರೆ. ಮೊದಲು ಕಣ್ಣಿಗೆ ಬಿದ್ದ ಯಂತ್ರವನ್ನು ಕೊಳ್ಳುತ್ತಾರೆ, ಆಮೇಲೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ ಹುಡುಕುತ್ತಾರೆ, ಎಲ್ಲಕ್ಕಿಂತ ಕೊನೆಗೆ ತಮ್ಮ ಕ್ಯಾಸೆಟ್ ಯಾವ ಬಗೆಯದೆಂದು ವಿಚಾರಿಸುತ್ತಾರೆ. ಇದೇ ಕೆಲಸವನ್ನು ಹಿಂದುಮುಂದಾಗಿ ಮಾಡಬೇಕು: ಕ್ಯಾಸೆಟ್ ಮೊದಲು, ಕಂಪ್ಯೂಟರ್ ಎರಡನೆಯದು, ಯಂತ್ರ ಕೊನೆಯದು. ಕೆಳಗಿನ ಹಂತಗಳು ಆ ಕ್ರಮದಲ್ಲಿಯೇ ಇವೆ. ಯಾವುದನ್ನೂ ಹಾರಿಸದೆ ಮುಂದುವರಿಯಿರಿ.

ಹಂತ 1: ನಿಮ್ಮಲ್ಲಿರುವ ಕ್ಯಾಸೆಟ್ ಯಾವುದೆಂದು ಗುರುತಿಸಿ

ಕ್ಯಾಸೆಟ್‌ಗಳನ್ನು ಹೊರತೆಗೆದ ಕೂಡಲೇ ಪ್ರತಿಯೊಂದರ ಹಿಂಬದಿಯಲ್ಲಿರುವ, ಅತ್ತಿತ್ತ ಸರಿಯುವ ಚಿಕ್ಕ ಪಟ್ಟಿಯನ್ನು 'ಸೇವ್' ಬದಿಗೆ ತಳ್ಳಿ. ಅದು 'ರೆಕ್' ಬದಿಯಲ್ಲಿದ್ದರೆ, ಅಪರಿಚಿತ ಯಂತ್ರದ ಒಂದು ತಪ್ಪು ಗುಂಡಿ ನಿಮ್ಮ ಧಾರೆಯ ಚಿತ್ರದ ಮೇಲೆ ಹೊಸ ದಾಖಲೆಯನ್ನು ಬರೆದುಬಿಡಬಹುದು, ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಎಚ್‌ಡಿವಿ, ಸಾಧಾರಣ ಸ್ಪಷ್ಟತೆಯ ಡಿವಿ, ಡಿವಿಯದೇ ಸೋನಿ ವೃತ್ತಿಪರ ರೂಪವಾದ ಡಿವಿಕ್ಯಾಮ್ ಮೂರನ್ನೂ ಒಂದೇ ಗಾತ್ರದ ಮಿನಿಡಿವಿ ಕ್ಯಾಸೆಟ್‌ನಲ್ಲಿ ದಾಖಲಿಸಬಹುದಾಗಿತ್ತು. ಆದ್ದರಿಂದ ಮೇಲಿನ ಚೀಟಿಯನ್ನು ನಂಬಬಾರದು. 'ಎಚ್‌ಡಿವಿ' ಎಂದು ಅಚ್ಚಾಗಿರುವ ದುಬಾರಿ ಕ್ಯಾಸೆಟ್‌ನಲ್ಲಿ ಸಾಧಾರಣ ಡಿವಿ ಚಿತ್ರ ಇರಬಹುದು, ಸಾಧಾರಣ ಮಿನಿಡಿವಿ ಕ್ಯಾಸೆಟ್‌ನಲ್ಲಿ ಹೈ ಡೆಫಿನಿಷನ್ ಚಿತ್ರ ಇರಬಹುದು. ಅಂದು ಸ್ಟುಡಿಯೊದವರು ಕೊಟ್ಟ ಡಿವಿಡಿಯಿಂದಲೂ ಇದು ತಿಳಿಯುವುದಿಲ್ಲ, ಏಕೆಂದರೆ ಡಿವಿಡಿಗೆ ಹಾಕುವಾಗ ಚಿತ್ರವನ್ನು ಹೇಗೂ ಕುಗ್ಗಿಸಿರುತ್ತಾರೆ. ಚಿತ್ರಿಸಿದವರನ್ನು ಹುಡುಕಿ, ಬಳಸಿದ ಕ್ಯಾಮೆರಾದ ಹೆಸರನ್ನು ಕೇಳುವುದೇ ಉತ್ತಮ. ಸೋನಿ ಪಿಡಿ150 ಅಥವಾ ಪಿಡಿ170 ಎಂದರೆ ಅದು ಡಿವಿ ಇಲ್ಲವೇ ಡಿವಿಕ್ಯಾಮ್; ಹೈ ಡೆಫಿನಿಷನ್ ಆಗಿರಲು ಸಾಧ್ಯವೇ ಇಲ್ಲ. ಸೋನಿ ಎಚ್‌ವಿಆರ್-ಝಡ್1, ಎಚ್‌ವಿಆರ್-ಎ1, ಎಚ್‌ವಿಆರ್-ವಿ1 ಅಥವಾ ಕ್ಯಾನನ್ ಎಚ್‌ವಿ ಸರಣಿ ಎಂದರೆ ಎಚ್‌ಡಿವಿ ಇರುವ ಸಾಧ್ಯತೆ ಹೆಚ್ಚು, ಆದರೆ ಅವುಗಳಲ್ಲಿಯೂ ಡಿವಿ ದಾಖಲಿಸಬಹುದಿತ್ತು.

ಎರಡನೆಯದಾಗಿ ಕೇಳಬೇಕಾದದ್ದು 50ಐ ಅಥವಾ 60ಐ ಎಂಬುದನ್ನು, ಅಂದರೆ ಚಿತ್ರ ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ದಾಖಲಾಗಿದೆಯೋ 60 ಆಗಿಯೋ ಎಂಬುದನ್ನು. ಭಾರತದಲ್ಲಿ ಪಾಲ್ ಎಂಬ ಟಿವಿ ಪದ್ಧತಿಯ ಕಾರಣ 50ಐ ರೂಢಿಯಲ್ಲಿತ್ತು. ಕೊಲ್ಲಿ ದೇಶಗಳಲ್ಲಿಯೂ ಅದೇ. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿಯ ಕ್ಯಾಮೆರಾದಿಂದ ಚಿತ್ರಿಸಿ ಕಳುಹಿಸಿದ ಕ್ಯಾಸೆಟ್ ಆದರೆ ಅದು 60ಐ. ಈ ಭೇದವನ್ನು ಗಮನಿಸದೆ ಅಮೆರಿಕದಿಂದ ಬರುವ ತಮ್ಮನ ಕೈಯಲ್ಲಿ ಅಗ್ಗದ ಕ್ಯಾಮ್‌ಕಾರ್ಡರ್ ತರಿಸಿಕೊಂಡವರು ಹಲವರು. ಮನೆಬಳಕೆಯ ಕ್ಯಾಮ್‌ಕಾರ್ಡರ್‌ಗಳು ಸಾಮಾನ್ಯವಾಗಿ ತಾವು ಮಾರಾಟವಾದ ಪ್ರದೇಶದ ಪದ್ಧತಿಯನ್ನು ಮಾತ್ರ ಓದುತ್ತವೆ, ಹಾಗಾಗಿ ಊರಿನ ಮದುವೆಯ ಕ್ಯಾಸೆಟ್ ಅದರಲ್ಲಿ ಸರಿಯಾಗಿ ಓಡುವುದಿಲ್ಲ.

ಕೊನೆಯದಾಗಿ ಕ್ಯಾಸೆಟ್‌ನ ಕಿಟಕಿಯಿಂದ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿಯ ಪುಡಿಯಂತಹ ಕಲೆ ಅಥವಾ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿಯ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವದಿಂದ ಇದು ಬಹಳ ಸಾಮಾನ್ಯ. ಬೂಷ್ಟು ಹಿಡಿದ ಒಂದು ಕ್ಯಾಸೆಟ್ ಯಂತ್ರದೊಳಗೆ ಹೋದರೆ ಟೇಪನ್ನು ಓದುವ ಹೆಡ್ ಕೆಡುತ್ತದೆ, ಆ ಯಂತ್ರದಿಂದ ಮುಂದಿನ ಕ್ಯಾಸೆಟ್‌ಗಳಿಗೂ ಬೂಷ್ಟು ಹರಡುತ್ತದೆ. ಅಂಥವನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು, ಟೇಪ್ ಶುಚಿಗೊಳಿಸುವ ಅನುಭವ ಉಳ್ಳವರಿಗೆ ಮಾತ್ರ ಕೊಡಿ.

ಹಂತ 2: ಯಂತ್ರಕ್ಕಿಂತ ಮೊದಲು ಕಂಪ್ಯೂಟರನ್ನು ಸಿದ್ಧಪಡಿಸಿ

ಎಚ್‌ಡಿವಿ ಚಿತ್ರವು ಟೇಪಿನ ಮೇಲೆ ಅಂಕಿಗಳ ರೂಪದಲ್ಲಿಯೇ ಇರುತ್ತದೆ. ಅದನ್ನು ಇದ್ದಂತೆಯೇ ಹೊರತೆಗೆಯುವ ದಾರಿ ಫೈರ್‌ವೈರ್ ಎಂಬ ಸಂಪರ್ಕದ ಪೋರ್ಟ್. ಸೋನಿ ಯಂತ್ರಗಳ ಮೇಲೆ ಅದೇ ಪೋರ್ಟಿಗೆ 'ಐ.ಲಿಂಕ್' ಎಂದು ಬರೆದಿರುತ್ತದೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಪೋರ್ಟ್ ಇಲ್ಲದಿರುವುದರಿಂದ ಹೆಚ್ಚಿನವರು ಇಲ್ಲಿಯೇ ಮೋಸಹೋಗುತ್ತಾರೆ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಫೈರ್‌ವೈರ್ ಇರುವ ಅಗ್ಗದ ಕೇಬಲ್‌ಗಳು ಆನ್‌ಲೈನ್ ಮಳಿಗೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಈ ಕೆಲಸಕ್ಕೆ ಬರುವುದಿಲ್ಲ. ಎರಡು ಬೇರೆ ಬೇರೆ ಪದ್ಧತಿಗಳನ್ನು ಬರಿಯ ತಂತಿಯಿಂದ ಕೂಡಿಸಲಾಗದು. ಅದನ್ನು ಸಿಕ್ಕಿಸಿ ಯಂತ್ರವೇ ಕೆಟ್ಟಿದೆ ಎಂದು ತೀರ್ಮಾನಿಸಿದವರೂ ಇದ್ದಾರೆ.

ವಿಂಡೋಸ್ ಇರುವವರಿಗೆ ನನ್ನ ಸಲಹೆ, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುವ ಡೆಸ್ಕ್‌ಟಾಪ್ ಒಂದಕ್ಕೆ ಫೈರ್‌ವೈರ್ ಕಾರ್ಡ್ ಹಾಕಿಸುವುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅಥವಾ ವಯಾ ಚಿಪ್ ಇರುವ ಕಾರ್ಡ್‌ಗಳನ್ನು ಕೇಳಿ. ಬೆಂಗಳೂರಿನವರು ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಬಹುದು. ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ಮೈಕ್ರೋಸಾಫ್ಟ್‌ನ ಹಳೆಯ '1394 ಓಎಚ್‌ಸಿಐ ಲೆಗಸಿ' ಡ್ರೈವರ್ ಹಾಕಿ ನೋಡಬೇಕು. ಎಚ್‌ಡಿವಿ ಇಳಿಸಲು ಎಚ್‌ಡಿವಿಸ್ಪ್ಲಿಟ್, ಡಿವಿ ಇಳಿಸಲು ವಿನ್‌ಡಿವಿ ಎಂಬ ಉಚಿತ ತಂತ್ರಾಂಶಗಳು ಸಾಕು. ಲಿನಕ್ಸ್‌ನಲ್ಲಿ ಡಿವಿಗ್ರಾಬ್ ಎರಡನ್ನೂ ಮಾಡುತ್ತದೆ.

ಮ್ಯಾಕ್ ಇರುವವರು ಫೈರ್‌ವೈರ್ ಪೋರ್ಟ್ ಇರುವ ಹಳೆಯ ಮ್ಯಾಕನ್ನೇ ಬಳಸುವುದು ಒಳ್ಳೆಯದು. ಥಂಡರ್‌ಬೋಲ್ಟ್‌ನಿಂದ ಫೈರ್‌ವೈರ್‌ಗೆ ಹೋಗುವ ಆಪಲ್ ಅಡಾಪ್ಟರ್‌ಗಳ ಸರಪಳಿಯಿಂದಲೂ ಇದು ಸಾಧ್ಯ, ಆದರೆ 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಿಂದ ಆಪಲ್ ಫೈರ್‌ವೈರ್ ಬೆಂಬಲವನ್ನು ತೆಗೆದುಹಾಕಿದೆ. ಈ ಕೆಲಸ ಮುಗಿಯುವವರೆಗೆ ಮ್ಯಾಕನ್ನು ಆ ಆವೃತ್ತಿಗೆ ಏರಿಸಬೇಡಿ.

ಕೇಬಲ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಯಾಮ್‌ಕಾರ್ಡರ್ ಬದಿಯಲ್ಲಿ ಸಾಮಾನ್ಯವಾಗಿ 4 ಪಿನ್ನಿನ ಚಿಕ್ಕ ಪ್ಲಗ್, ಕಂಪ್ಯೂಟರ್ ಬದಿಯಲ್ಲಿ 6 ಅಥವಾ 9 ಪಿನ್ನಿನ ಪ್ಲಗ್ ಇರುತ್ತದೆ. 6 ಪಿನ್ನಿನದರಲ್ಲಿ ವಿದ್ಯುತ್ ಕೂಡ ಹರಿಯುವುದರಿಂದ, ಅದನ್ನು ತಲೆಕೆಳಗಾಗಿ ಒತ್ತಿ ತುರುಕಿದರೆ ಪೋರ್ಟ್ ಸುಟ್ಟುಹೋಗುತ್ತದೆ. ಯಂತ್ರ ಮತ್ತು ಕಂಪ್ಯೂಟರ್ ಎರಡನ್ನೂ ಆಫ್ ಮಾಡಿಯೇ ಕೇಬಲ್ ಜೋಡಿಸಿ. ಡಿಸ್ಕ್‌ನಲ್ಲಿ ಪ್ರತಿ ಗಂಟೆಯ ಚಿತ್ರಕ್ಕೆ ಸುಮಾರು 13 ಜಿಬಿ ಜಾಗ ಇರಲಿ.

ಹಂತ 3: ಡೆಕ್ ಬೇಕೋ ಕ್ಯಾಮ್‌ಕಾರ್ಡರ್ ಬೇಕೋ ನಿರ್ಧರಿಸಿ

ಡೆಕ್ ಎಂದರೆ ಕ್ಯಾಮೆರಾ ಇಲ್ಲದ, ಕ್ಯಾಸೆಟ್ ಓಡಿಸಲು ಮತ್ತು ದಾಖಲಿಸಲು ಮಾತ್ರ ಇರುವ ಯಂತ್ರ. ನಿಮ್ಮಲ್ಲಿ ಇರುವುದು ಹತ್ತಾರು ಎಚ್‌ಡಿವಿ ಅಥವಾ ಡಿವಿ ಕ್ಯಾಸೆಟ್‌ಗಳು ಮಾತ್ರ, ಎಲ್ಲವೂ 50ಐ ಎಂದಾದರೆ ಪಾಲ್ ಪದ್ಧತಿಯ ಮನೆಬಳಕೆಯ ಕ್ಯಾಮ್‌ಕಾರ್ಡರ್ ಸಾಕು. ಕ್ಯಾನನ್‌ನ ಎಚ್‌ವಿ20 (2007), ಎಚ್‌ವಿ30 (2008), ಎಚ್‌ವಿ40 (2009) ಮತ್ತು ಸೋನಿಯ ಎಚ್‌ಡಿಆರ್-ಎಚ್‌ಸಿ ಸರಣಿ ಈ ಗುಂಪಿನವು. ಇವುಗಳಲ್ಲಿ ಕ್ಯಾಮೆರಾದ ಲೆನ್ಸಿಗೆ ಗೀರು ಬಿದ್ದಿದ್ದರೂ ನಿಮಗೆ ನಷ್ಟವಿಲ್ಲ. ಬೇಕಾಗಿರುವುದು ಟೇಪ್ ಓಡಿಸುವ ಭಾಗ ಮಾತ್ರ. ಲೆನ್ಸ್ ಕೆಟ್ಟ ಕಾರಣಕ್ಕೆ ಕಡಿಮೆ ಬೆಲೆಗೆ ಬರುವ ಯಂತ್ರ, ಟೇಪ್ ಭಾಗ ಗಟ್ಟಿಯಾಗಿದ್ದರೆ, ನಮ್ಮ ಉದ್ದೇಶಕ್ಕೆ ಒಳ್ಳೆಯ ಆಯ್ಕೆಯೇ.

ಡಿವಿಕ್ಯಾಮ್ ಕ್ಯಾಸೆಟ್‌ಗಳೂ ಇದ್ದರೆ, ಇಲ್ಲವೇ 50ಐ ಮತ್ತು 60ಐ ಎರಡೂ ಬೆರೆತಿದ್ದರೆ, ಸೋನಿಯ ವೃತ್ತಿಪರ ಎಚ್‌ವಿಆರ್ ಯಂತ್ರಗಳ ಕಡೆಗೆ ಹೋಗಬೇಕು. ಎಚ್‌ವಿಆರ್-ಎಂ15 ಮತ್ತು ಎಂ25 ಡೆಕ್‌ಗಳು ಎರಡೂ ಪದ್ಧತಿಗಳನ್ನು ಓದುತ್ತವೆ, ಚಿಕ್ಕ ಮತ್ತು ದೊಡ್ಡ ಎರಡೂ ಗಾತ್ರದ ಕ್ಯಾಸೆಟ್ ತೆಗೆದುಕೊಳ್ಳುತ್ತವೆ. ಕ್ಯಾಮೆರಾಗಳಲ್ಲಿ ಎಚ್‌ವಿಆರ್-ಝಡ್1 ಕೂಡ 50ಐ ಮತ್ತು 60ಐ ನಡುವೆ ಬದಲಾಯಿಸಿಕೊಳ್ಳಬಲ್ಲದು. ಮದುವೆ ಸ್ಟುಡಿಯೊಗಳಲ್ಲಿ ಇದು ಮೂಲೆ ಸೇರಿರುವುದರಿಂದ ನಮ್ಮ ಊರುಗಳಲ್ಲಿ ಡೆಕ್‌ಗಿಂತ ಸುಲಭವಾಗಿ ದೊರಕುತ್ತದೆ. ಜೆವಿಸಿ ಕ್ಯಾಮೆರಾದಲ್ಲಿ 720ಪಿ ಬಗೆಯಲ್ಲಿ ದಾಖಲಾದ ಅಥವಾ ಕ್ಯಾನನ್ ಎಕ್ಸ್‌ಎಲ್ ಎಚ್1ರ 'ಫ್ರೇಮ್' ಬಗೆಯಲ್ಲಿ ದಾಖಲಾದ ಕ್ಯಾಸೆಟ್‌ಗಳು ಇದ್ದರೆ, ಅದೇ ಕಂಪನಿಯ ಯಂತ್ರವನ್ನೇ ಹುಡುಕುವುದು ಕ್ಷೇಮ.

ಬಳಕೆಯ ಗಂಟೆಗಳ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಮನೆಯವರು ವರ್ಷಕ್ಕೆ ನಾಲ್ಕು ಸಲ ಹೊರತೆಗೆದ ಕ್ಯಾಮ್‌ಕಾರ್ಡರ್‌ನ ಹೆಡ್ ಸವೆದಿರುವುದು ಅಪರೂಪ. ಸ್ಟುಡಿಯೊದಲ್ಲಿ ದಿನವಿಡೀ ಕ್ಯಾಸೆಟ್ ಇಳಿಸಿದ ಡೆಕ್ ಹೊರಗಿನಿಂದ ಹೊಸದಾಗಿ ಹೊಳೆಯುತ್ತಿದ್ದರೂ ಒಳಗೆ ಸೋತಿರಬಹುದು. ಡಿವಿಕ್ಯಾಮ್ ಅಥವಾ ಎರಡು ಪದ್ಧತಿಗಳ ಅಗತ್ಯ ಇಲ್ಲದವರು, ವೃತ್ತಿಪರ ಎಂಬ ಹೆಸರಿಗೆ ಮರುಳಾಗದೆ, ಕಡಿಮೆ ಓಡಿದ ಮನೆಯ ಕ್ಯಾಮ್‌ಕಾರ್ಡರನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 4: ನೋಡಲು ಹೋಗುವ ಮೊದಲು ಮಾರುವವರನ್ನು ಕೇಳಿ

ಯಂತ್ರವನ್ನು ಕೊನೆಯ ಬಾರಿಗೆ ಕ್ಯಾಸೆಟ್ ಹಾಕಿ ಓಡಿಸಿದ್ದು ಯಾವಾಗ ಎಂಬುದೇ ಮುಖ್ಯ ಪ್ರಶ್ನೆ. "ಆನ್ ಆಗುತ್ತದೆ, ಕ್ಯಾಸೆಟ್ ಇಲ್ಲದ್ದರಿಂದ ನೋಡಿಲ್ಲ" ಎಂಬ ಉತ್ತರ ಬಂದರೆ, ಯಂತ್ರ ಪರೀಕ್ಷೆಯಾಗಿಲ್ಲ ಎಂದೇ ತಿಳಿಯಬೇಕು. ಮೂಲ ವಿದ್ಯುತ್ ಅಡಾಪ್ಟರ್ ಜೊತೆಗಿದೆಯೇ ಎಂದು ಕೇಳಿ, ಏಕೆಂದರೆ ಒಂದು ಗಂಟೆಯ ವರ್ಗಾವಣೆಯನ್ನು ಹಳೆಯ ಬ್ಯಾಟರಿಯನ್ನು ನಂಬಿ ಮಾಡಲಾಗದು. ಮಾದರಿಯ ಪೂರ್ಣ ಸಂಖ್ಯೆಯ ಚೀಟಿಯ ಫೋಟೊ ತರಿಸಿಕೊಳ್ಳಿ. ಮಾದರಿಯ ಕೊನೆಯಲ್ಲಿರುವ ಅಕ್ಷರ ಅದು ಯಾವ ಪ್ರದೇಶಕ್ಕೆ ತಯಾರಾದದ್ದು ಎಂಬುದನ್ನು ಹಲವು ಬಾರಿ ತಿಳಿಸುತ್ತದೆ.

ಎದುರಿಗೆ ಪರೀಕ್ಷಿಸಲು ಒಪ್ಪದವರಿಂದ, ಹಿಂದಿರುಗಿಸುವ ಅವಕಾಶವೂ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.

ಹಂತ 5: ಎದುರಿಗೆ ಕೂತು ಪರೀಕ್ಷಿಸಿ

ಪರೀಕ್ಷೆಗೆ ಎರಡು ಕ್ಯಾಸೆಟ್ ಒಯ್ಯಿರಿ. ಒಂದು, ಬೇರೆ ಯಂತ್ರದಲ್ಲಿ ಎಚ್‌ಡಿವಿ ದಾಖಲಾಗಿರುವ, ಕಳೆದರೂ ಚಿಂತೆಯಿಲ್ಲದ ಕ್ಯಾಸೆಟ್. ಇನ್ನೊಂದು ಖಾಲಿ ಕ್ಯಾಸೆಟ್. ಮಾರುವವರು ತಮ್ಮದೇ ಯಂತ್ರದಲ್ಲಿ ಚಿತ್ರಿಸಿದ ಕ್ಯಾಸೆಟನ್ನು ಅದೇ ಯಂತ್ರದಲ್ಲಿ ಓಡಿಸಿ ತೋರಿಸಿದರೆ ಅದರಿಂದ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ. ಟೇಪಿನ ಮೇಲಿನ ಒಂದೊಂದು ಗೆರೆಯ ಅಗಲ ಕೇವಲ 10 ಮೈಕ್ರಾನ್. ಟೇಪನ್ನು ನಡೆಸುವ ಗೂಟಗಳು ಕೂದಲೆಳೆಯಷ್ಟು ಸರಿದಿದ್ದರೂ ಯಂತ್ರ ತಾನು ಬರೆದದ್ದನ್ನು ತಾನು ಚೆನ್ನಾಗಿ ಓದುತ್ತದೆ, ಬೇರೆಯವರು ಬರೆದದ್ದನ್ನು ಓದಲಾಗದೆ ತಡವರಿಸುತ್ತದೆ. ನಿಮ್ಮ ಎಲ್ಲ ಕ್ಯಾಸೆಟ್‌ಗಳೂ ಬೇರೆಯವರು ಬರೆದವೇ ಆಗಿರುವುದರಿಂದ ಮೊದಲನೆಯ ಕ್ಯಾಸೆಟ್ ಇಲ್ಲದೆ ಪರೀಕ್ಷೆ ವ್ಯರ್ಥ. ಅಮೂಲ್ಯವಾದ ಕ್ಯಾಸೆಟನ್ನು ಮಾತ್ರ ಯಾವ ಕಾರಣಕ್ಕೂ ಪರೀಕ್ಷೆಗೆ ಒಯ್ಯಬೇಡಿ.

ಮೊದಲು ಅಡಾಪ್ಟರ್‌ನಿಂದ ಯಂತ್ರವನ್ನು ಚಾಲೂ ಮಾಡಿ, ಕ್ಯಾಸೆಟ್ ಇಲ್ಲದೆಯೇ ಬಾಗಿಲನ್ನು ಐದಾರು ಸಲ ತೆರೆದು ಮುಚ್ಚಿ. ಬಾಗಿಲು ಅರ್ಧಕ್ಕೆ ನಿಲ್ಲುವುದು, ಮುಚ್ಚಿದ ಮೇಲೆ ತಾನೇ ಮತ್ತೆ ತೆರೆದುಕೊಳ್ಳುವುದು, ಒಳಗಿನಿಂದ ಹಲ್ಲುಚಕ್ರ ಜಾರಿದಂತೆ ಕಟಕಟ ಸದ್ದು ಬರುವುದು ಯಾಂತ್ರಿಕ ಭಾಗ ಮುರಿದಿರುವ ಗುರುತು. ಅಲ್ಲಿಗೇ ಪರೀಕ್ಷೆ ನಿಲ್ಲಿಸಿ ಹೊರಡಿ, ಏಕೆಂದರೆ ಇಂತಹ ಭಾಗಗಳು ಈಗ ಹೊಸದಾಗಿ ದೊರೆಯುವುದು ಬಹಳ ಕಷ್ಟ.

ಬಾಗಿಲು ಸರಿಯಿದ್ದರೆ ಮೊದಲ ಕ್ಯಾಸೆಟ್ ಹಾಕಿ, ಆರಂಭದಲ್ಲಿ, ನಡುವಿನಲ್ಲಿ ಮತ್ತು ಕೊನೆಯಲ್ಲಿ ಹತ್ತು ಹತ್ತು ನಿಮಿಷ ಓಡಿಸಿ. ಪರದೆಯ ಮೇಲೆ 'ಎಚ್‌ಡಿವಿ1080ಐ' ಎಂಬ ಗುರುತು ಬರಬೇಕು. ಕೊನೆಯ ಭಾಗವನ್ನು ಬಿಡಬಾರದು: ಎರಡು ಸುರುಳಿಗಳ ಭಾರ ಬದಲಾಗುವುದರಿಂದ, ಆರಂಭದಲ್ಲಿ ಚೆನ್ನಾಗಿ ಓಡುವ ಯಂತ್ರ ಕೊನೆಯಲ್ಲಿ ಸೋಲುವುದುಂಟು. ಓಡುವಾಗ ಚಿತ್ರ ಅರೆಕ್ಷಣ ಹೆಪ್ಪುಗಟ್ಟಿ ನಿಂತು, ಧ್ವನಿಯೂ ಕಡಿದು, ಮತ್ತೆ ಮುಂದುವರಿದರೆ ಅದನ್ನು ಲೆಕ್ಕವಿಡಿ. 50ಐ ಎಚ್‌ಡಿವಿಯಲ್ಲಿ 12 ಚಿತ್ರಗಳನ್ನು ಒಂದು ಗುಂಪಾಗಿ ಸಂಕ್ಷೇಪಿಸಿರುವುದರಿಂದ ಟೇಪಿನ ಒಂದು ಸಣ್ಣ ದೋಷವೂ ಸುಮಾರು ಅರ್ಧ ಸೆಕೆಂಡನ್ನು ನುಂಗುತ್ತದೆ. ಒಂದೇ ಜಾಗದಲ್ಲಿ ಪ್ರತಿ ಬಾರಿಯೂ ನಿಂತರೆ ದೋಷ ಟೇಪಿನದು. ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದಾಗ ಬೇರೆ ಬೇರೆ ಜಾಗದಲ್ಲಿ ನಿಂತರೆ ದೋಷ ಯಂತ್ರದ್ದು. ಇದೊಂದು ಪರೀಕ್ಷೆಯನ್ನು ತಾಳ್ಮೆಯಿಂದ ಮಾಡಿದರೆ ಕೆಟ್ಟ ಯಂತ್ರಗಳಲ್ಲಿ ಬಹುಪಾಲು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಆಮೇಲೆ ಟೇಪನ್ನು ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸದ್ದನ್ನು ಆಲಿಸಿ, ವೇಗ ಏರಿಳಿಯಬಾರದು. ಹಂತ 2ರಲ್ಲಿ ಸಿದ್ಧಪಡಿಸಿದ ಕಂಪ್ಯೂಟರನ್ನು ಒಯ್ಯಲು ಸಾಧ್ಯವಾದರೆ ಫೈರ್‌ವೈರ್ ಮೂಲಕ ಐದು ನಿಮಿಷ ಇಳಿಸಿ ನೋಡಿ. ಟಿವಿಯಲ್ಲಿ ಚಿತ್ರ ಸೊಗಸಾಗಿ ಬಂದರೂ ಫೈರ್‌ವೈರ್ ಪೋರ್ಟ್ ಸುಟ್ಟಿರುವ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಡೆಸ್ಕ್‌ಟಾಪ್ ಒಯ್ಯಲಾಗದವರು ಈ ಒಂದು ಪರೀಕ್ಷೆಗಾಗಿಯೇ ಹಿಂದಿರುಗಿಸುವ ಗಡುವನ್ನು ಕೇಳಿಕೊಳ್ಳಬೇಕು. ನಂತರ ಖಾಲಿ ಕ್ಯಾಸೆಟ್‌ನಲ್ಲಿ ಐದು ನಿಮಿಷ ದಾಖಲಿಸಿ ಓಡಿಸಿ. ಯಂತ್ರ ಅರ್ಧ ಗಂಟೆ ಬಿಸಿಯಾದ ಮೇಲೆ ಮೊದಲ ಕ್ಯಾಸೆಟನ್ನು ಇನ್ನೊಮ್ಮೆ ಓಡಿಸಿ, ಹೊರತೆಗೆದು, ಟೇಪಿನ ಅಂಚು ಮಡಿಸಿದೆಯೇ, ಉದ್ದಕ್ಕೆ ಗೀರು ಬಿದ್ದಿದೆಯೇ ಎಂದು ನೋಡಿ. ಅಂಚು ಕಚ್ಚುವ ಯಂತ್ರವನ್ನು ಯಾವ ಬೆಲೆಗೂ ಒಪ್ಪಬಾರದು.

ಸೋನಿಯ ವೃತ್ತಿಪರ ಯಂತ್ರಗಳ ಮೆನುವಿನಲ್ಲಿ 'ಅವರ್ಸ್ ಮೀಟರ್' ಇರುತ್ತದೆ. ಅದರಲ್ಲಿ ಡ್ರಮ್ (ಹೆಡ್‌ಗಳನ್ನು ಹೊತ್ತು ತಿರುಗುವ ಉರುಳೆ) ತಿರುಗಿದ ಗಂಟೆಗಳು, ಟೇಪ್ ಓಡಿದ ಗಂಟೆಗಳು, ಟೇಪ್ ಒಳಗೆ ಸುತ್ತಿಕೊಂಡ ಸಲಗಳು ಬೇರೆ ಬೇರೆಯಾಗಿ ಕಾಣುತ್ತವೆ. ಒಟ್ಟು ಚಾಲೂ ಇದ್ದ ಗಂಟೆಗಳು ಹೆಚ್ಚಿದ್ದರೂ ಡ್ರಮ್ಮಿನ ಗಂಟೆಗಳು ಕಡಿಮೆಯಿದ್ದರೆ ಅಂಜಬೇಕಿಲ್ಲ. ಎರಡು ಯಂತ್ರಗಳ ನಡುವೆ ಆರಿಸುವಾಗ ಡ್ರಮ್ಮಿನ ಸಂಖ್ಯೆಯನ್ನೇ ಹೋಲಿಸಿ.

ಹಂತ 6: ಎಚ್ಚರಿಕೆಯ ಗುರುತುಗಳನ್ನು ಓದಿ

ಸೋನಿ ಕ್ಯಾಮ್‌ಕಾರ್ಡರ್‌ಗಳು ತಮ್ಮ ತೊಂದರೆಯನ್ನು ಸಂಕೇತದಲ್ಲಿ ಹೇಳುತ್ತವೆ. 'ಸಿ:21' ಎಂದರೆ ಒಳಗೆ ತೇವ ಕಟ್ಟಿದೆ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಕನಿಷ್ಠ ಒಂದು ಗಂಟೆ ಕಾಯಬೇಕು. ಮಳೆಗಾಲದಲ್ಲಿ ಅಥವಾ ಎಸಿ ಕೋಣೆಯಿಂದ ಹೊರತಂದ ಕೂಡಲೇ ಇದು ಬಂದರೆ ಯಂತ್ರದ ದೋಷವಲ್ಲ. 'ಸಿ:22' ಎಂದರೆ ಹೆಡ್ ಕೊಳಕಾಗಿದೆ. 'ಸಿ:31' ಮತ್ತು 'ಸಿ:32' ಬಂದರೆ ಕ್ಯಾಸೆಟ್ ತೆಗೆದು, ವಿದ್ಯುತ್ ಕಡಿದು, ಮತ್ತೆ ಜೋಡಿಸಿ ನೋಡಬೇಕು. ಮತ್ತೆ ಮತ್ತೆ ಬಂದರೆ ಯಾಂತ್ರಿಕ ಭಾಗ ಕೈಕೊಡುತ್ತಿದೆ ಎಂದರ್ಥ.

ಡಿವಿ ಕ್ಯಾಸೆಟ್ ಓಡಿಸುವಾಗ ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಚೌಕಚೌಕ ಒಡೆದು ಕಂಡರೆ ಎರಡು ಹೆಡ್‌ಗಳಲ್ಲಿ ಒಂದು ಮುಚ್ಚಿಹೋಗಿದೆ. ಎಚ್‌ಡಿವಿಯಲ್ಲಿ ಇದೇ ತೊಂದರೆ ನಿಂತ ಚಿತ್ರವಾಗಿ ಅಥವಾ ಖಾಲಿ ಪರದೆಯಾಗಿ ಕಾಣುತ್ತದೆ. ಒಣ ಕ್ಲೀನಿಂಗ್ ಕ್ಯಾಸೆಟನ್ನು ಹತ್ತು ಸೆಕೆಂಡ್ ಓಡಿಸಿ, ಪರೀಕ್ಷಿಸಿ, ಬೇಕಾದರೆ ಇನ್ನೊಮ್ಮೆ ಓಡಿಸಿ. ಆ ಕ್ಯಾಸೆಟ್ ಉಜ್ಜುವ ಕಾಗದದಂತೆ ಹೆಡ್ಡನ್ನು ಸವೆಸುವುದರಿಂದ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ, ಹಿಂದಕ್ಕೆ ಸುತ್ತಿ ಅದೇ ಭಾಗವನ್ನು ಮತ್ತೆ ಬಳಸುವುದಂತೂ ಬೇಡವೇ ಬೇಡ. ಹತ್ತಿಯ ಕಡ್ಡಿಯಿಂದ ಡ್ರಮ್ ಒರೆಸುವುದು ಬಹಳ ಅಪಾಯಕರ, ಅದರ ಒಂದು ಎಳೆ ಸಿಕ್ಕಿಕೊಂಡರೂ ಹೆಡ್ ಕಿತ್ತುಬರುತ್ತದೆ.

ಹಂತ 7: ಸೆಟ್ಟಿಂಗ್ ಸರಿಪಡಿಸಿ ಮೊದಲ ಕ್ಯಾಸೆಟ್ ಇಳಿಸಿ

ಒಳ್ಳೆಯ ಯಂತ್ರ ಕೊಂಡೂ ಸಾಧಾರಣ ಚಿತ್ರವನ್ನೇ ಇಳಿಸಿಕೊಳ್ಳುವವರು ಇಲ್ಲಿ ತಪ್ಪುತ್ತಾರೆ. ಈ ಯಂತ್ರಗಳು ಎಚ್‌ಡಿವಿ ಚಿತ್ರವನ್ನು ಡಿವಿಯಾಗಿ ಕುಗ್ಗಿಸಿ ಕಳುಹಿಸಬಲ್ಲವು, ಹಿಂದಿನ ಮಾಲೀಕರು ಹಾಗೆಯೇ ಇಟ್ಟಿರುವ ಸಾಧ್ಯತೆ ಹೆಚ್ಚು. ಸೋನಿಯಲ್ಲಿ 'ವಿಸಿಆರ್ ಎಚ್‌ಡಿವಿ/ಡಿವಿ' ಆಯ್ಕೆಯನ್ನು 'ಎಚ್‌ಡಿವಿ'ಗೆ ಇಟ್ಟು, 'ಐ.ಲಿಂಕ್ ಕನ್ವ್' ಆಫ್ ಮಾಡಿ. ಕ್ಯಾನನ್‌ನಲ್ಲಿ ಡಿವಿ ಔಟ್‌ಪುಟ್ 'ಡಿವಿ ಲಾಕ್ಡ್' ಎಂದಿದ್ದರೆ 'ಎಚ್‌ಡಿವಿ/ಡಿವಿ' ಎಂದು ಬದಲಾಯಿಸಿ. ಕೇಬಲ್ ಬಿಚ್ಚಿಯೇ ಈ ಬದಲಾವಣೆ ಮಾಡಬೇಕು.

ಬಹಳ ವರ್ಷ ಮುಟ್ಟದ ಕ್ಯಾಸೆಟನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಆರಂಭಕ್ಕೆ ತಂದು ಓಡಿಸಿ. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು. 50ಐ ಕ್ಯಾಸೆಟ್‌ನಿಂದ ಇಳಿದ ಕಡತವನ್ನು ಮೀಡಿಯಾಇನ್ಫೊ ತಂತ್ರಾಂಶದಲ್ಲಿ ತೆರೆದರೆ 1440×1080, ಎಂಪೆಗ್-2, ಸೆಕೆಂಡಿಗೆ 25 ಚಿತ್ರ, ಸುಮಾರು 25 ಎಂಬಿಪಿಎಸ್ ಎಂದು ಕಾಣಬೇಕು. 720×576 ಎಂದು ಕಂಡರೆ ಒಂದೋ ಮೇಲಿನ ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಆ ಕ್ಯಾಸೆಟ್ ಡಿವಿಯದೇ. ಒಂದು ಕಡತ ಸರಿಯಾಗಿ ಬಂದ ಮೇಲೆ ಮಾತ್ರ ಉಳಿದ ಕ್ಯಾಸೆಟ್‌ಗಳಿಗೆ ಕೈಹಾಕಿ.

ಎಚ್‌ಡಿಎಂಐ ಪೋರ್ಟಿನಿಂದ ಕ್ಯಾಪ್ಚರ್ ಕಾರ್ಡ್ ಮೂಲಕ ಇಳಿಸುವುದು ಸುಲಭವೆಂದು ಕಾಣುತ್ತದೆ, ಆದರೆ ಅಲ್ಲಿ ಚಿತ್ರ ಮತ್ತೊಮ್ಮೆ ಸಂಕ್ಷೇಪಗೊಳ್ಳುತ್ತದೆ, ಚಿತ್ರಿಸಿದ ದಿನಾಂಕ ಮತ್ತು ಸಮಯದ ಮಾಹಿತಿ ಕಳೆದುಹೋಗುತ್ತದೆ. ಫೈರ್‌ವೈರ್ ಪೋರ್ಟ್ ಸತ್ತಿರುವಾಗ ಮಾತ್ರ ಅದನ್ನು ಬಳಸಿ.

ಹಂತ 8: ಯಂತ್ರ ಸರಿಯಿದ್ದೂ ಒಂದು ಕ್ಯಾಸೆಟ್ ಓಡದಿದ್ದರೆ

ಪರೀಕ್ಷೆಯ ಕ್ಯಾಸೆಟ್ ಚೆನ್ನಾಗಿ ಓಡುತ್ತಿದ್ದು, ಒಂದೇ ಸಮಾರಂಭದ ಕ್ಯಾಸೆಟ್‌ಗಳು ಮಾತ್ರ ಒಡೆದೊಡೆದು ಬರುತ್ತಿದ್ದರೆ, ಅವನ್ನು ಬರೆದ ಕ್ಯಾಮೆರಾದ ಜೋಡಣೆಯೇ ಸರಿದಿತ್ತೆಂದು ಊಹಿಸಬಹುದು. ಆಗ ನಿಮ್ಮ ಯಂತ್ರವನ್ನು ಬಿಚ್ಚಿಸಿ ತಿರುಪು ತಿರುಗಿಸಲು ಯಾರಿಗೂ ಅವಕಾಶ ಕೊಡಬೇಡಿ. ಉಳಿದೆಲ್ಲ ಕ್ಯಾಸೆಟ್‌ಗಳನ್ನು ಓದುವ ಶಕ್ತಿಯನ್ನೂ ಅದು ಕಳೆದುಕೊಳ್ಳುತ್ತದೆ. ಮೊದಲು ಬೇರೆ ಕಂಪನಿಯ ಯಂತ್ರವೊಂದನ್ನು ಎರವಲು ತಂದು ನೋಡಿ. ಅದರಲ್ಲಿಯೂ ಬರದಿದ್ದರೆ ಚಿತ್ರಿಸಿದ ಸ್ಟುಡಿಯೊಗೆ ಹೋಗಿ, ಅಂದಿನ ಆ ಕ್ಯಾಮೆರಾ ಇನ್ನೂ ಇದೆಯೇ ಎಂದು ವಿಚಾರಿಸಿ. ಮೂಲೆಯಲ್ಲಿ ಬಿದ್ದಿರುವ ಅದೇ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೇಳಿ, ತೇವ ಮತ್ತು ಬೂಷ್ಟಿನ ಪರೀಕ್ಷೆ ಮಾಡಿ, ನಿಮ್ಮ ಕಂಪ್ಯೂಟರಿಗೆ ಜೋಡಿಸಿ, ಆ ಕ್ಯಾಸೆಟ್‌ಗಳನ್ನು ಮೊದಲ ಓಟದಲ್ಲಿಯೇ ಇಳಿಸಿಕೊಳ್ಳಿ.